ಚಿನ್ನಿ ಕುಣಿತ

ಬೋನಿನಲ್ಲಿರುವ ಕೋತಿಗಳ ದಿನಚರಿ ನೋಡಿ ಪಿಎಚ್‌ಡಿ ಮಾಡುತ್ತಿದ್ದೇನೆ ಎಂದರೆ ನಮ್ಮ ತಿ. ನರಸೀಪುರದಲ್ಲಿ ಎಲ್ಲರೂ ನಗುತ್ತಾರೆ. ನಂಜನಗೂಡಿನ ಸೋದರಮಾವ ಮಾತ್ರ ನಗುವುದಿಲ್ಲ. ‘ನಮ್ ಚಿನ್ನಿ ವಿಷ್ಯ ಬರ್ದಿದ್ದೀಯೇನವ್ವಾ?’ ಅಂತ ಕೇಳುತ್ತಾರೆ.

ಚಿನ್ನಿ ಹೆಣ್ಣು ಕೋತಿ. ನೆತ್ತಿಯ ಮೇಲೆ ಬೈತಲೆ ತೆಗೆದ ಹಾಗೆ ಕೂದಲಿರುವ, ನಮ್ಮ ಕಡೆ ಎಲ್ಲೆಲ್ಲೂ ಕಾಣುವ ಜಾತಿ. ತಾಯಿ ಕರೆಂಟು ತಗುಲಿ ಸತ್ತಾಗ ಅದರ ಹೊಟ್ಟೆಗೆ ಅಂಟಿಕೊಂಡಿದ್ದ ಮರಿಯನ್ನು ಮಾವ ಬಿಡಿಸಿ ತಂದಿದ್ದರಂತೆ. ಹಾಗೆ ಸಾಕುವುದಕ್ಕೆ 1972ರ ವನ್ಯಜೀವಿ ಕಾಯ್ದೆಯ ಅಡ್ಡಿಯಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲು ಹಾಲು, ಆಮೇಲೆ ರಸಬಾಳೆ, ದೊಡ್ಡದಾದ ಮೇಲೆ ಹಿತ್ತಲಿನ ಹುಣಸೆಮರಕ್ಕೆ ನಾಯಿ ಸರಪಳಿ.

ಬೇಸಿಗೆ ರಜೆಯಲ್ಲಿ ನನಗೆ ಅದರ ಮುಂದೆ ಕೂರುವುದೇ ಕೆಲಸ. ಚಿನ್ನಿ ಎಡಕ್ಕೆ ಮೂರು ಹೆಜ್ಜೆ ಹಾಕಿ, ತಲೆ ಹಿಂದಕ್ಕೆ ಹೊರಳಿಸಿ, ಬಲಕ್ಕೆ ಮೂರು ಹೆಜ್ಜೆ ಬರುತ್ತಿತ್ತು. ಮತ್ತೆ ಎಡಕ್ಕೆ. ಗಂಟೆಗಟ್ಟಲೆ. ನಾವು ಮಕ್ಕಳು ಚಪ್ಪಾಳೆ ತಟ್ಟಿ ಸಿನಿಮಾ ಹಾಡು ಹೇಳುತ್ತಿದ್ದೆವು. ಮುಂಗೈ ಕೂದಲನ್ನು ತಾನೇ ಕಿತ್ತುಕೊಂಡು ಬರೀ ಚರ್ಮ ಕಾಣುತ್ತಿತ್ತು. ಅಜ್ಜಿ ‘ಉಷ್ಣ’ ಅಂತ ಹರಳೆಣ್ಣೆ ಸವರುತ್ತಿದ್ದರು. ನಾನು ಹತ್ತಿರ ಕೂತರೆ ಜಡೆ ಬಿಚ್ಚಿ ಹೇನು ಹುಡುಕುತ್ತಿತ್ತು. ಇದ್ದವು ಅನ್ನಿ, ಹೇನು.

ಈಗ ನನ್ನ ಕೈಯಲ್ಲಿ ಒಂದು ಹಾಳೆ ಇರುತ್ತದೆ. ಒಂದು ಕೋತಿಯನ್ನು ಗೊತ್ತುಮಾಡಿಕೊಂಡು, ಇಂತಿಷ್ಟು ಹೊತ್ತು ಅದೊಂದನ್ನೇ ನೋಡಿ ಬರೆಯಬೇಕು. ಜೀನ್ ಆಲ್ಟ್‌ಮನ್ 1974ರಲ್ಲಿ ವಿವರಿಸಿದ ಕ್ರಮ. ತಿನ್ನುವುದು, ಮಲಗುವುದು, ಇನ್ನೊಂದರ ಮೈ ಹೆಕ್ಕುವುದು, ಜಗಳ, ಆಟ. ಕೊನೆಯ ಕಾಲಂ, ಉದ್ದೇಶವಿಲ್ಲದೆ ಮತ್ತೆ ಮತ್ತೆ ಮಾಡುವ ಚಲನೆ. ಮೊದಲ ವಾರ ಆ ಕಾಲಂನಲ್ಲಿ ಗೀಟು ಹಾಕಲು ಹೋದ ಪೆನ್ನು ಹಾಗೇ ನಿಂತಿತು. ಎಡಕ್ಕೆ ಮೂರು, ಬಲಕ್ಕೆ ಮೂರು. ತಾಯಿಯಿಂದ ಬೇರೆ ಮಾಡಿ ಒಂಟಿಯಾಗಿ ಬೆಳೆಸಿದ ಮರಿಗಳು ತೂಗಾಡುತ್ತವೆ, ತಮ್ಮ ಮೈಯನ್ನೇ ಕಚ್ಚಿಕೊಳ್ಳುತ್ತವೆ ಎಂದು ಅಮೆರಿಕದ ಹ್ಯಾರಿ ಹಾರ್ಲೋ 1960ರ ದಶಕದಲ್ಲೇ ತೋರಿಸಿದ್ದರು. ಅದನ್ನು ಓದಿದ ರಾತ್ರಿ ಊಟ ಸೇರಲಿಲ್ಲ.

ಮಾವ ಹೇಳುವ ಕಥೆ ಬೇರೆ. ಒಂದು ಸಲ ಸರಪಳಿ ಕಿತ್ತುಕೊಂಡು ಚಿನ್ನಿ ದೇವಸ್ಥಾನದ ಕಡೆಯ ಕೋತಿಗಳ ಗುಂಪಿಗೆ ಹೋಯಿತು. ಸಂಜೆಗೆ ಕಿವಿ ಹರಿದು, ಕುಂಟುತ್ತ ಬಂದು ಹುಣಸೆಮರದ ಬುಡದಲ್ಲೇ ಕೂತಿತು. ‘ನೋಡವ್ವ, ಬಿಟ್ರೂ ಹೋಗ್ಲಿಲ್ಲ. ಅಷ್ಟ್ ಹಚ್ಕೊಂಡಿತ್ತು ನಮ್ಮನ್ನ’ ಅನ್ನುವಾಗ ಇವತ್ತಿಗೂ ಅವರ ಕಣ್ಣು ತುಂಬುತ್ತದೆ.

ಈ ಜಾತಿಯಲ್ಲಿ ಗಂಡುಗಳು ದೊಡ್ಡವಾದ ಮೇಲೆ ಬೇರೆ ಗುಂಪಿಗೆ ಹೋಗುವುದುಂಟು. ಹೆಣ್ಣು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತದೆ. ಹೊರಗಿನ ಹೆಣ್ಣನ್ನು ಸುಲಭಕ್ಕೆ ಸೇರಿಸುವುದಿಲ್ಲ. ಚಿನ್ನಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ. ಇದನ್ನು ಮಾವನಿಗೆ ಹೇಗೆ ಹೇಳುವುದು? ಹಾಗಂತ ಪ್ರೀತಿ ಸುಳ್ಳೆನ್ನಲೂ ಆಗದು. ಜಡೆ ಬಿಚ್ಚುತ್ತಿದ್ದ ಆ ಬೆರಳುಗಳು ನನಗೆ ಚೆನ್ನಾಗಿ ನೆನಪಿವೆ.

ಹೋದ ತಿಂಗಳು ಮತ್ತೆ ಕೇಳಿದರು. ‘ಕುಣೀತಿತ್ತಲ್ಲ, ಅದನ್ನ ಬರ್ದಿದ್ದೀಯಾ?’

‘ಬರೀತಿದ್ದೀನಿ ಮಾವ.’

‘ಪುಸ್ತಕ ಆದ್ಮೇಲೆ ಓದಿ ಹೇಳು. ಕನ್ನಡದಲ್ಲಿ ಹೇಳು, ಇಂಗ್ಲಿಷ್ ನಂಗೆ ಬರಲ್ಲ.’

ನರಸೀಪುರದ ಬಸ್ಸಿಗೆ ಹೊತ್ತಾಯಿತು ಅಂತ ಎದ್ದೆ.