ಪ್ರೇಮ ಕಾದಂಬರಿಯ ಮುಖಪುಟಕ್ಕೆ ಯಾರ ಮುಖ?

ಪ್ರೇಮ ಕಾದಂಬರಿಯೊಂದಕ್ಕೆ ಕಣ್ಣಿಗೆ ಬೀಳುವಂಥ ಮುಖಪುಟ ಮಾಡಿಸಬೇಕೆಂದು ನಾವು ಮೂರು ತಿಂಗಳು ಓಡಾಡಿದ್ದನ್ನು ಕೇಳಿ ಕೆಲವು ಗೆಳೆಯರು ನಕ್ಕರು. ಚಳವಳಿಯವರಿಗೆ ಇದಕ್ಕಿಂತ ಘನವಾದ ಕೆಲಸ ಇಲ್ಲವೇ ಎಂದರು. ಭೂಮಿಯ ಪ್ರಶ್ನೆ ಇದೆ, ಹಾಸ್ಟೆಲಿನ ಪ್ರಶ್ನೆ ಇದೆ, ಮಲದ ಗುಂಡಿಗೆ ಇಳಿದು ಸಾಯುವವರ ಪ್ರಶ್ನೆ ಇದೆ. ನಿಜ, ಎಲ್ಲ ಇದೆ. ಇವುಗಳ ನಡುವೆಯೇ ನಮ್ಮ ಕೇರಿಯ ಹುಡುಗ ಹುಡುಗಿಯರು ಪ್ರೀತಿಯನ್ನೂ ಮಾಡುತ್ತಾರೆ. ಜಾತಿ ದಾಟಿ ಪ್ರೀತಿ ಮಾಡಿದ್ದಕ್ಕೆ ಹೆಣವೂ ಆಗುತ್ತಾರೆ. ಹಾಗಿರುವಾಗ ಪ್ರೀತಿಯ ಪುಸ್ತಕದ ಮೇಲೆ ಯಾರ ಮುಖ ಅಚ್ಚಾಗುತ್ತದೆ ಎಂಬುದು ಸಣ್ಣ ಮಾತೆಂದು ನಾವು ಒಪ್ಪಲಿಲ್ಲ.

ಕಾದಂಬರಿ ಬರೆದಾಕೆ ನಮ್ಮ ಗುಂಪಿನ ಹೆಣ್ಣುಮಗಳು, ಹಳ್ಳಿಯೊಂದರ ಪ್ರೈಮರಿ ಶಾಲೆಯ ಮೇಡಂ. ಕತೆ ಇಷ್ಟು: ಕೇರಿಯ ಹುಡುಗಿ, ಬೆಳಗಿನ ಐದೂವರೆ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುವವಳು. ಅದೇ ಫ್ಯಾಕ್ಟರಿಯಲ್ಲಿ ಇಸ್ತ್ರಿ ವಿಭಾಗದಲ್ಲಿರುವ ಊರೊಳಗಿನ ಹುಡುಗ. ಇನ್ನೂರು ಪುಟ. ಕೊನೆಯಲ್ಲಿ ಇಬ್ಬರೂ ಸಾಯುವುದಿಲ್ಲ. ಹಸ್ತಪ್ರತಿ ಓದಿದ ದಿನ ನಮ್ಮಲ್ಲೊಬ್ಬರು, ಇದು ವಾಸ್ತವಕ್ಕೆ ದೂರ ಎಂದರು. ಅದಕ್ಕೆ ಆಕೆ, “ದಿನಾ ಪೇಪರ್ನಾಗೆ ಸಾಯ್ತಾನೇ ಅವ್ರಲ್ಲಣ್ಣ, ನನ್ನ ಪುಸ್ತಕದಾಗಾದ್ರೂ ಬದುಕ್ಲಿ ಬುಡು” ಎಂದಳು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಮುಖಪುಟದ ಚರ್ಚೆ ಮಾತ್ರ ಮುಗಿಯಲಿಲ್ಲ.

ಮೊದಲು ನಾವು ಹೋದದ್ದು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯವರ ಹತ್ತಿರ. ಅಲ್ಲಿ ಈಗ ಪುಸ್ತಕಕ್ಕಿಂತ ಚಿಪ್ಸ್ ಪ್ಯಾಕೆಟ್ಟೇ ಜಾಸ್ತಿ. ಆದರೂ ಮೂವತ್ತು ವರ್ಷ ಕಾದಂಬರಿ ಮಾರಿದ ಅನುಭವ ಅವರದು, ನಮ್ಮ ಸೆಮಿನಾರುಗಳಲ್ಲಿ ಸಿಗುವಂಥದ್ದಲ್ಲ. ಪುಸ್ತಕ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತಾಡುತ್ತದೆ. ನೋಡುವವನು ಆರಡಿ ದೂರದಲ್ಲಿ ನಿಂತಿರುತ್ತಾನೆ, ಅವನ ಅರ್ಧ ಕಣ್ಣು ಬಸ್ಸಿನ ಬೋರ್ಡಿನ ಮೇಲಿರುತ್ತದೆ. ಆ ಮಿಕ್ಕ ಅರ್ಧ ಕಣ್ಣನ್ನು ಹಿಡಿಯಬೇಕು. ಇಡೀ ಆಳನ್ನು ಬರೆಸಿದರೆ ಚಿಕ್ಕದಾಗಿ ಹೋಗುತ್ತದೆ, ಮುಖ ಇರಲಿ, ದೊಡ್ಡದಿರಲಿ, ಕಣ್ಣು ಕೊಳ್ಳುವವನ ಕಡೆ ನೋಡಲಿ. ಹೊಸ ಲೇಖಕಿಯಾದರೆ ಆಕೆಯ ಹೆಸರು ಸಣ್ಣಗೆ, ಪುಸ್ತಕದ ಹೆಸರು ದಪ್ಪಗೆ. ಹಿಂಬದಿಯ ಬಣ್ಣ ಕೆಂಪೋ ಹಳದಿಯೋ ಆಗಿರಲಿ, ಕಡುನೀಲಿ ಅಂಗಡಿಯ ನೆರಳಿನಲ್ಲಿ ಸತ್ತುಹೋಗುತ್ತದೆ. ಈಗ ಇನ್ನೊಂದು ಸೇರಿದೆ: ಪುಸ್ತಕ ಅಂಗಡಿಗೆ ಬರುವ ಮೊದಲೇ ಮುಖಪುಟ ವಾಟ್ಸಾಪಿನಲ್ಲಿ ತಿರುಗುತ್ತದೆ, ಹೆಬ್ಬೆರಳ ಉಗುರಿನಷ್ಟು ಚಿತ್ರವಾಗಿ. ಆ ಉಗುರಿನಷ್ಟರಲ್ಲೂ ಹೆಸರು ಓದುವಂತಿರಬೇಕು. ನಮ್ಮ ಕಾದಂಬರಿಯ ಹೆಸರಿನಲ್ಲಿ ಮೂರೇ ಅಕ್ಷರ ಇದ್ದದ್ದು ಪುಣ್ಯ.

ಇದನ್ನೆಲ್ಲ ಹೇಳಿದ ಮೇಲೆ ಅವರು, “ಹುಡುಗಿ ಮಾತ್ರ ಬೆಳ್ಳಗಿರ್ಲಿ ಸಾರ್. ಕಪ್ಪು ಮುಖ ದೂರಕ್ಕೆ ಹಿಡಿಯಲ್ಲ” ಎಂದರು. ಕೆಟ್ಟ ಮನುಷ್ಯರಲ್ಲ. ಹೇಳಿದ ಅವರೂ, ಕೇಳಿದ ನಾವೂ, ಪಕ್ಕದಲ್ಲಿ ಕೂತು ಹೂ ಕಟ್ಟುತ್ತಿದ್ದ ಅವರ ಹೆಂಡತಿಯೂ ಎಲ್ಲ ಒಂದೇ ಬಣ್ಣದವರು.

ಕಣ್ಣಿಗೆ ಬೀಳಬೇಕು ಸರಿ, ಆ ಕಣ್ಣು ಯಾರು ಕೊಟ್ಟದ್ದು? ನಮ್ಮ ಗೋಡೆಗಳ ಮೇಲೆ ಯಾವ ಹೆಣ್ಣಿನ ಮುಖ ತೂಗುತ್ತಿತ್ತು ಎಂದು ನೆನೆಸಿಕೊಳ್ಳಿ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಬಣ್ಣದ ಅಚ್ಚುಕೂಟ ತೆರೆದ. ಅರಮನೆಗೆ ಬರೆದ ಲಕ್ಷ್ಮಿ ಸರಸ್ವತಿಯರು, ಶಕುಂತಲೆ ದಮಯಂತಿಯರು ಅಗ್ಗದ ಕಾಗದದ ಮೇಲೆ ಊರೂರಿಗೆ ಬಂದರು. ದೇವಸ್ಥಾನದೊಳಕ್ಕೆ ಕಾಲಿಡಲಾಗದ ನಮ್ಮ ಹಿರಿಯರ ಗುಡಿಸಲಿಗೆ ದೇವರು ಕಾಗದದ ಮೇಲಾದರೂ ಬಂತಲ್ಲ, ಆ ಮಟ್ಟಿಗೆ ಅದು ದೊಡ್ಡ ಕ್ರಾಂತಿಯೇ. ಆದರೆ ಆ ದೇವಿಯೂ ವಿರಹದ ಆ ನಾಯಕಿಯೂ ಮೇಲ್ಜಾತಿ ಮನೆಯ ಬೆಳ್ಳನೆಯ ಹೆಣ್ಣುಗಳು. ಆ ಮುಖವೇ ಕ್ಯಾಲೆಂಡರಿಗೆ ಹೋಯಿತು, ಬೆಂಕಿಪೊಟ್ಟಣಕ್ಕೆ ಹೋಯಿತು, ಕಾದಂಬರಿಯ ಮೇಲೂ ಬಂದು ಕೂತಿತು. ಆಮೇಲೆ ಸಿನಿಮಾ. ‘ಬೆಳ್ಳಿಮೋಡ’ 1967ರಲ್ಲಿ, ‘ಗೆಜ್ಜೆಪೂಜೆ’ 1969ರಲ್ಲಿ, ಆಮೇಲೆ ‘ಶರಪಂಜರ’ ಬಂದವು. ಮೂರೂ ಹೆಂಗಸರು ಬರೆದ ಕಾದಂಬರಿಗಳು, ಮೂರರಲ್ಲೂ ನಾಯಕಿ ಕಲ್ಪನಾ. ಆಕೆ ದೊಡ್ಡ ನಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡದ ಕಾದಂಬರಿಯ ಹೆಣ್ಣೆಂದರೆ ಹೇಗಿರಬೇಕು ಎಂಬುದು ಅಲ್ಲಿಗೆ ಗಟ್ಟಿಯಾಯಿತು. 1975ರಲ್ಲಿ ಫೇರ್ ಅಂಡ್ ಲವ್ಲಿ ಎಂಬ ಮುಲಾಮು ಮಾರುಕಟ್ಟೆಗೆ ಬಂತು. ಅದರ ಹೆಸರಿನಿಂದ ‘ಫೇರ್’ ಎಂಬ ಪದ ಹೋಗಲು 2020 ಬರಬೇಕಾಯಿತು. ಹೆಸರು ಬದಲಾಯಿತು, ಟ್ಯೂಬು ಅಂಗಡಿಯಲ್ಲಿ ಇದ್ದಲ್ಲೇ ಇದೆ.

ನಾವು ಹಾಸ್ಟೆಲಿನಲ್ಲಿದ್ದಾಗ ಬಾಡಿಗೆ ಲೈಬ್ರರಿಯಿಂದ ಕಾದಂಬರಿ ತರುತ್ತಿದ್ದೆವು. ದಿನಕ್ಕಿಷ್ಟು ಪೈಸೆ. ಒಂದು ಪುಸ್ತಕವನ್ನು ಒಂದೇ ರಾತ್ರಿಯಲ್ಲಿ ಎಂಟು ಜನ ಓದಿ ಮುಗಿಸುತ್ತಿದ್ದೆವು. ಲೈಬ್ರರಿಯವನು ಪುಸ್ತಕ ಬಾಳಿಕೆ ಬರಲೆಂದು ಮೇಲಿನ ಚಿತ್ರ ಕಿತ್ತು ರಟ್ಟು ಹಾಕಿ, ದಾರದಿಂದ ಹೊಲಿದು, ಕಂದು ಕಾಗದ ಮೆತ್ತಿರುತ್ತಿದ್ದ. ಹಾಗಾಗಿ ನಮಗೆ ನಾಯಕಿಯ ಮುಖವೇ ಗೊತ್ತಾಗುತ್ತಿರಲಿಲ್ಲ. ಆಗ ಏನಾಗುತ್ತಿತ್ತು ಅಂದರೆ, ನಾವು ನಮ್ಮ ನಮ್ಮ ಮನಸ್ಸಿನ ಹುಡುಗಿಯನ್ನು ಅಲ್ಲಿಟ್ಟು ಓದುತ್ತಿದ್ದೆವು. ಹುಡುಗಿಯರ ಹಾಸ್ಟೆಲಿನಿಂದ ಹವಾಯಿ ಚಪ್ಪಲಿ ಎಳೆದುಕೊಂಡು ಬರುತ್ತಿದ್ದ, ಎಣ್ಣೆಗಪ್ಪಿನ, ಹಲ್ಲು ತುಸು ಮುಂದಿದ್ದ ಒಬ್ಬಾಕೆ ಎಷ್ಟು ಕಾದಂಬರಿಗಳಲ್ಲಿ ಎಸ್ಟೇಟ್ ಒಡೆಯನ ಮಗಳಾಗಿ ಕಾರಿನಿಂದ ಇಳಿದಿದ್ದಾಳೋ! ‘ಹಾಲಿನಂಥ ಕೆನ್ನೆ’ ಎಂದು ಬಂದ ಕಡೆ ಸಾಲು ಹಾರಿಸಿ ಓದುತ್ತಿದ್ದೆವು, ಅಷ್ಟೆ. ಮುಖಪುಟ ಕಿತ್ತ ಪುಸ್ತಕದಲ್ಲಿ ಮಾತ್ರ ನಾಯಕಿ ನಮ್ಮವಳಾಗುತ್ತಿದ್ದಳು.

ಇನ್ನು ನಮ್ಮ ಕಡೆಯ ಮುಖಪುಟಗಳ ಮಾತು. ನಮ್ಮ ಕಲಾವಿದ ಗೆಳೆಯನಿಗೆ ಹಸ್ತಪ್ರತಿ ಕೊಟ್ಟರೆ ಮೂರೇ ದಿನದಲ್ಲಿ ತಂದ: ಮುಷ್ಟಿ, ಹರಿದ ಸರಪಳಿ, ತಮಟೆ, ಹಿಂದೆ ಕೆಂಪು ಸೂರ್ಯ. ಆ ಮುಷ್ಟಿಗೆ ನಾವು ಋಣಿಗಳು. ಅಚ್ಚುಮೊಳೆಯ ಕಾಲದಲ್ಲಿ ಸಣ್ಣ ಊರಿನ ಟ್ರೆಡಲ್ ಮಿಷನ್ನಿನಲ್ಲಿ ಒಂದು ಸತುವಿನ ಬ್ಲಾಕು, ಎರಡು ಬಣ್ಣ ಅಂದರೆ ಅದೇ ನಮ್ಮ ಯೋಗ್ಯತೆ. ಒಂದೊಂದು ಬಣ್ಣಕ್ಕೂ ಹಾಳೆಯನ್ನು ಮತ್ತೊಮ್ಮೆ ಮಿಷನ್ನಿಗೆ ಕೊಡಬೇಕಿತ್ತು, ಮತ್ತೊಮ್ಮೆ ದುಡ್ಡು ಕೊಡಬೇಕಿತ್ತು. ಕೆಂಪು ಕಪ್ಪು ನಮ್ಮ ಬಣ್ಣವಾದದ್ದರಲ್ಲಿ ಸಿದ್ಧಾಂತ ಎಷ್ಟಿತ್ತೋ ಬಡತನವೂ ಅಷ್ಟೇ ಇತ್ತು. ಈಗ ನಾಲ್ಕು ಬಣ್ಣದ ಆಫ್‌ಸೆಟ್ ಕೈಗೆಟುಕುವ ಹಾಗಾಗಿದೆ, ಕುಂಚ ಮಾತ್ರ ಮುಷ್ಟಿಯ ಕಡೆಗೇ ಓಡುತ್ತದೆ. ಮೇಡಂ ಆ ಚಿತ್ರ ನೋಡಿ, “ನನ್ ಹುಡ್ಗಿ ಇಡೀ ಪುಸ್ತಕದಾಗೆ ಮುಷ್ಟಿ ಕಟ್ಟೋದು ಒಂದೇ ಕಿತ ಕಣಣ್ಣ. ಅದೂ ಬಟ್ಟೆ ಹಿಂಡುವಾಗ” ಎಂದಳು.

ನಕ್ಕೆವು. ಆದರೆ ಆ ಮಾತು ಚುಚ್ಚುವಂಥದ್ದೇ. ದಲಿತನ ಕೈ ಒಂದೋ ಮೇಲೆತ್ತಿರಬೇಕು, ಇಲ್ಲ ಚಾಚಿರಬೇಕು. ಇನ್ನೊಬ್ಬರ ಕೈ ಹಿಡಿದಿರುವುದನ್ನು ಯಾರೂ ಬರೆಯುವುದಿಲ್ಲ. 1984ರಲ್ಲಿ ಬಂದ ದೇವನೂರರ ‘ಕುಸುಮಬಾಲೆ’ಯ ಬೇರಿನಲ್ಲಿರುವುದು ಮೇಲ್ಜಾತಿಯ ಹೆಣ್ಣು ಕುಸುಮ, ಹೊಲೆಯರ ಚನ್ನ ಇವರಿಬ್ಬರ ಪ್ರೀತಿ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅದರ ಭಾಷೆ, ಬಂಧ, ಜಾನಪದದ ಬಗ್ಗೆ ವಿಮರ್ಶಕರು ಹೊರೆಗಟ್ಟಲೆ ಬರೆದರು. ಅದನ್ನು ಪ್ರೇಮ ಕಾದಂಬರಿಗಳ ಸಾಲಿನಲ್ಲಿ ನೇತುಹಾಕಿದ ಅಂಗಡಿಯನ್ನು ಮಾತ್ರ ನಾವು ನೋಡಿಲ್ಲ.

ಕಾಲೇಜಿನ ಹುಡುಗನೊಬ್ಬ, ಕಂಪ್ಯೂಟರಿಗೆ ಹೇಳಿದರೆ ಕ್ಷಣದಲ್ಲಿ ಚಿತ್ರ ಬರೆದುಕೊಡುತ್ತದೆ, ಖರ್ಚಿಲ್ಲ ಎಂದ. ಆಗಲಿ ಎಂದು ಕೂತೆವು. ‘ಹಳ್ಳಿಯ ಸುಂದರ ಹುಡುಗಿ’ ಎಂದು ಕೊಟ್ಟರೆ ಗೋಧಿಯ ಬಣ್ಣದವಳು ಬಂದಳು, ತಲೆಯ ಮೇಲೆ ಕೊಡ, ಕಿವಿಯಲ್ಲಿ ಝುಮುಕಿ, ಬೆನ್ನಹಿಂದೆ ಸಂಜೆ ಬಿಸಿಲು. ‘ಕಪ್ಪು ಹುಡುಗಿ’ ಎಂದು ಸೇರಿಸಿದ. ಮೈಬಣ್ಣ ಬದಲಾಯಿತು. ಜೊತೆಗೆ ಸೀರೆ ಹರಿಯಿತು, ಝುಮುಕಿ ಮಾಯವಾಯಿತು, ಕಣ್ಣಲ್ಲಿ ನೀರು ಬಂತು, ಹಿಂದೆ ಬಿರುಕುಬಿಟ್ಟ ನೆಲ. ನಾವು ಹರಿದ ಸೀರೆ ಕೇಳಿರಲಿಲ್ಲ. ಕಪ್ಪಾದ ಕೂಡಲೇ ಬಡವಿ, ಬಡವಿಯಾದ ಕೂಡಲೇ ಅಳು. ಆ ಯಂತ್ರಕ್ಕೆ ಇದನ್ನು ಕಲಿಸಿದ್ದು ಈ ಜಗತ್ತು ಇಷ್ಟು ಕಾಲ ತೆಗೆದಿಟ್ಟ ಫೋಟೋಗಳೇ ತಾನೇ.

ಹಾಗಾದರೆ ಕೇರಿಯ ಒಬ್ಬ ಹುಡುಗಿಯ ಫೋಟೋವನ್ನೇ ತೆಗೆಸೋಣ ಎಂಬ ಮಾತು ಬಂತು. ಗಾರ್ಮೆಂಟ್ಸಿಗೆ ಹೋಗುವ ಒಬ್ಬಳು ಮೊದಲು ಕುಣಿದು ಒಪ್ಪಿಕೊಂಡಳು. ಅವಳ ಅವ್ವ ಒಪ್ಪಲಿಲ್ಲ. “ಲವ್ವಿನ ಪುಸ್ತಕದ ಮ್ಯಾಲೆ ನನ್ ಮಗಳ ಮೊಕ ಬಂದ್ರೆ ಊರಿನೋರು ಏನಂತ ತಿಳ್ಕಂತಾರೆ ಸ್ವಾಮಿ? ನಾಳೆ ಯಾರಾನ ಕಲ್ಲೆತ್ತಿಹಾಕುದ್ರೆ ನೀವ್ ಬತ್ತೀರಾ?” ಎಂದು ಕೇಳಿದಳು. ನಾವು ಮತ್ತೆ ಒತ್ತಾಯ ಮಾಡಲಿಲ್ಲ.

ಆ ಅವ್ವ ಓದಿದವಳಲ್ಲ, ಆದರೆ ‘ಕಣ್ಣಿಗೆ ಬೀಳುವುದು’ ಎಂಬ ಮಾತಿನ ಬೆಲೆ ಆಕೆಗೆ ಗೊತ್ತಿತ್ತು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗುವವರು 30 ದಿನ ಮೊದಲೇ ನೋಟೀಸು ಕೊಡಬೇಕು. ಅಧಿಕಾರಿ ಆ ನೋಟೀಸನ್ನು ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಹೆಸರು, ವಿಳಾಸ ಸಮೇತ. ಆ ಮೂವತ್ತು ದಿನದಲ್ಲಿ ಅದು ಯಾರ ಯಾರ ಕಣ್ಣಿಗೆ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಜಾತಿ ದಾಟಿದ ನಮ್ಮ ಪ್ರೇಮಿಗಳ ಮುಖ ಬಣ್ಣದಲ್ಲಿ ಅಚ್ಚಾಗುವುದು ಇನ್ನೊಂದು ಕಡೆ, ಪತ್ರಿಕೆಯ ಅಪರಾಧ ಪುಟದಲ್ಲಿ. ಆಧಾರ್ ಕಾರ್ಡಿನಿಂದ ಹಿಗ್ಗಿಸಿದ ಎರಡು ಮಸುಕು ಮುಖ, ಅಕ್ಕಪಕ್ಕ. ಬದುಕಿದ್ದಾಗ ಹಾಗೆ ಅಕ್ಕಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಧೈರ್ಯ ಅವರಿಗಿತ್ತೋ ಇಲ್ಲವೋ.

ಕರಿಯರ ಸಾಹಿತ್ಯದ ಬಗ್ಗೆ ನಾವು ತುಂಬ ಮಾತಾಡಿದ್ದೇವೆ. 1972ರಲ್ಲಿ ಮುಂಬಯಿಯ ನಮ್ಮ ಗೆಳೆಯರು ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟುಕೊಂಡದ್ದೇ ಅಮೆರಿಕದ ಕರಿಯರನ್ನು ನೋಡಿ. ಅವರ ಸಿಟ್ಟಿನ ಕವಿತೆಗಳನ್ನು ಅನುವಾದಿಸಿದೆವು. ಅವರ ಪ್ರೇಮ ಕಾದಂಬರಿಗಳ ಸುದ್ದಿ ಯಾಕೋ ನಮಗೆ ಬರಲಿಲ್ಲ. ಅಲ್ಲಿ 1980ರಲ್ಲಿ ಎಲ್ಸಿ ವಾಷಿಂಗ್ಟನ್ ಎಂಬ ಕರಿಯ ಪತ್ರಕರ್ತೆ ರೊಸಲಿಂಡ್ ವೆಲ್ಸ್ ಎಂಬ ಹೆಸರಿನಲ್ಲಿ ‘ಎಂಟ್ವೈನ್ಡ್ ಡೆಸ್ಟಿನೀಸ್’ ಎಂಬ ಕಾದಂಬರಿ ಬರೆದಳು. ನಾಯಕ ನಾಯಕಿ ಇಬ್ಬರೂ ಕರಿಯರು, ದೊಡ್ಡ ಪ್ರಕಾಶನವೊಂದರ ಅಗ್ಗದ ಪ್ರೇಮಮಾಲೆಯಲ್ಲಿ ಬಂದ ಪುಸ್ತಕ. ಅದನ್ನು ಹಟ ಹಿಡಿದು ತಂದ ಸಂಪಾದಕಿ ವಿವಿಯನ್ ಸ್ಟೀಫನ್ಸ್ ಕೂಡ ಕರಿಯ ಹೆಣ್ಣು. ಅಂಥ ಒಂದು ಮೇಜಿನ ಮುಂದೆ ಅಂಥ ಒಬ್ಬಳು ಕೂತಿರಬೇಕು, ಆಗ ಆಗುತ್ತದೆ.

ಕೊನೆಗೆ ನಮ್ಮ ಕಲಾವಿದ ಗೆಳೆಯನೇ ಮುಷ್ಟಿ ಬಿಟ್ಟು ಮುಖಕ್ಕೆ ಬಂದ. ಯಾರೊಬ್ಬರದೂ ಅಲ್ಲದ, ಎಲ್ಲರನ್ನೂ ಹೋಲುವ ಒಂದು ಮುಖ. ದಪ್ಪ ಮೂಗು, ಮೂಗಿನ ಎಡಕ್ಕೆ ಕಲ್ಲಿನ ಬೊಟ್ಟು, ಕೊರಳಿಗೆ ಸುತ್ತಿದ ಅಳತೆಯ ಟೇಪು. ಓರೆನೋಟ ಇಲ್ಲ, ನಾಚಿಕೆ ಇಲ್ಲ, ನೆಟ್ಟಗೆ ನೋಡುತ್ತಾಳೆ. ತುಟಿಯ ಒಂದು ಕೊನೆಯಲ್ಲಿ ಮಾತ್ರ ಯಾವುದೋ ಗುಟ್ಟಿನ ನಗು. ಹಿಂದೆ ಚೆಂಡುಹೂವಿನ ಹಳದಿ.

ಪ್ರೆಸ್ಸಿನಲ್ಲಿ ಇನ್ನೊಂದು ಸುತ್ತು. ಹುಡುಗ ಪರದೆಯ ಮೇಲೆ ತೆರೆದವನೇ, “ಮೊಕ ಕಪ್ ಹೊಡೀತೈತೆ ಸಾರ್, ತಿಳಿ ಮಾಡ್ಲಾ?” ಎಂದು ಬೆರಳನ್ನು ಗುಂಡಿಯ ಮೇಲಿಟ್ಟಿದ್ದ. ಇದು ಅವನೊಬ್ಬನ ಚಾಳಿಯಲ್ಲ. ಕೊಡಕ್ ಕಂಪನಿ ಬಣ್ಣ ಸರಿಯಾಗಿ ಬಂದಿದೆಯೇ ಎಂದು ನೋಡಿಕೊಳ್ಳಲು ಫೋಟೋ ಲ್ಯಾಬುಗಳಿಗೆ ಕಳಿಸುತ್ತಿದ್ದ ಷರ್ಲಿ ಕಾರ್ಡಿನ ಮೇಲೆ ಬಹುಕಾಲ ಇದ್ದದ್ದು ಬಿಳಿಯ ಹೆಣ್ಣಿನ ಮುಖ. ಅವಳ ಕೆನ್ನೆ ಸರಿ ಬಂದರೆ ಎಲ್ಲ ಸರಿ. ಕಂದು ಬಣ್ಣ ಮಂಕಾಗುತ್ತದೆ ಎಂದು ಮರದ ಪೀಠೋಪಕರಣದವರೂ ಚಾಕೊಲೇಟಿನವರೂ ದೂರಿದ ಮೇಲೆ ಕಂಪನಿ ಆ ಕಡೆ ಗಮನ ಕೊಟ್ಟಿತಂತೆ. ಮನುಷ್ಯರಿಗಿಂತ ಮೇಜು ಕುರ್ಚಿಗೆ ದನಿ ಜಾಸ್ತಿ.

ತಿಳಿ ಮಾಡಬೇಡ ಎಂದೆವು. ಹಾಗೆಂದು ಇದ್ದದ್ದನ್ನು ಇದ್ದ ಹಾಗೆ ಒತ್ತಿದರೂ ಆಗುವುದಿಲ್ಲ, ಕರಿ ಇಂಕು ಏರಿದರೆ ಕಣ್ಣು ಮೂಗು ಎಲ್ಲ ಕಲಸಿ ಮಸಿ ಬಳಿದ ಹಾಗಾಗುತ್ತದೆ. ಮಿಷನ್ನಿನ ಹಳಬರೊಬ್ಬರು ಮುಂದೆ ಬಂದರು. ಕಪ್ಪನ್ನೂ ನೀಲಿಯನ್ನೂ ಇಳಿಸಿ, ಮೆಜೆಂಟಾ ಮತ್ತು ಹಳದಿ ಏರಿಸಿ ನೋಡೋಣ ಎಂದರು. ಐದು ಹಾಳೆ ಹಾಳಾದವು. ಆರನೆಯದರಲ್ಲಿ ಅವಳ ಕೆನ್ನೆ ಹೊಸ ಮಣ್ಣಿನ ಮಡಕೆಯ ಹಾಗೆ ಹೊಳೆಯಿತು. ಆ ಹಳದಿಯ ಮುಂದೆ ಕಪ್ಪು ಮುಖ ಆರಡಿಯಲ್ಲ, ರಸ್ತೆಯ ಆಚೆ ಬದಿಗೂ ಕಾಣುತ್ತಿತ್ತು. ಹಿಂಬದಿಗೆ ಮೇಡಂ ತಮ್ಮ ಫೋಟೋ ಕೊಟ್ಟರು, ಅದಕ್ಕೂ ಇದೇ ಇಂಕು ಎಂದು ತಾಕೀತು ಮಾಡಿ.

500 ಪ್ರತಿ ಹಾಕಿಸಿದ್ದೇವೆ. ಬಸ್‌ಸ್ಟ್ಯಾಂಡಿನವರು ಹತ್ತು ಇಟ್ಟುಕೊಂಡು ಎರಡನೇ ಸಾಲಿನ ಕ್ಲಿಪ್ಪಿಗೆ ಹಾಕಿದರು. ಹದಿನೈದು ದಿನಕ್ಕೆ ಫೋನು ಬಂತು, ಇನ್ನು ಇಪ್ಪತ್ತು ಬೇಕು ಎಂದು. ಸಂಜೆಯ ವ್ಯಾನು ಇಳಿದು ಬರುವ ಹುಡುಗಿಯರು ನಾಲ್ಕು ನಾಲ್ಕು ಜನ ದುಡ್ಡು ಸೇರಿಸಿ ಒಂದು ಪ್ರತಿ ಒಯ್ಯುತ್ತಾರಂತೆ, ಸುತ್ತಿಕೊಳ್ಳಲು ಒಂದು ಹಳೇ ಪೇಪರನ್ನೂ ಕೇಳುತ್ತಾರಂತೆ. ಆದರೆ ಕಮಿಷನ್ನು ನೂರಕ್ಕೆ 40 ಬೇಕೆಂದು ಅಂಗಡಿಯವರು ಹಟ ಹಿಡಿದಿದ್ದಾರೆ. ನಾವು 30ಕ್ಕೆ ನಿಂತಿದ್ದೇವೆ.