ನನ್ನ ಓರ್ಕನ ಊರು

ರಾಕ್ಷಸನ ಪಾತ್ರವನ್ನು ವಹಿಸೆಂದು ನನ್ನನ್ನು ಯಾರೂ ಬಲವಂತಪಡಿಸಲಿಲ್ಲ. ಪಂಕ್ತಿಗೆ ತಡವಾಗಿ ಹೋದವನಿಗೆ ಉಳಿದದ್ದೇ ಊಟವೆಂಬ ನ್ಯಾಯದಂತೆ ಅದು ತಾನಾಗಿ ನನ್ನ ಪಾಲಿಗೆ ಬಂದಿತು.

ನಮ್ಮ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಐದಾರು ಹುಡುಗರು ಭಾನುವಾರದ ಸಂಜೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನಾಡುತ್ತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟವಿದು. ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ. ಸಾಹಸ ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ತಾಳಮದ್ದಳೆಯನ್ನು ಬಲ್ಲ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ಅರ್ಥಧಾರಿಯ ಪ್ರತಿಭೆ ಮಾಡುವ ಕೆಲಸದಲ್ಲಿ ಅರ್ಧವನ್ನು ಇಲ್ಲಿ ದಾಳ ಮಾಡುತ್ತದೆ, ಅಷ್ಟೆ.

“ಯೋಧ, ಮಾಂತ್ರಿಕ, ಕಳ್ಳ ಎಲ್ಲವೂ ಹಂಚಿಹೋದವು ಸಾರ್, ಅರೆ-ಓರ್ಕ್ ಒಬ್ಬ ಮಿಕ್ಕಿದ್ದಾನೆ” ಎಂದರು ಹುಡುಗರು.

ಓರ್ಕ್ ಎಂಬುದು ಆಂಗ್ಲ ಕಾದಂಬರಿಕಾರ ಟೋಲ್ಕೀನರ ಕಥೆಗಳಿಂದ ಈ ಆಟಕ್ಕೆ ವಲಸೆ ಬಂದ ವಿಕಾರರೂಪದ ಜನಾಂಗ. ಅರೆ-ಓರ್ಕನೆಂದರೆ ಆ ರಕ್ತವೂ ಮಾನವರಕ್ತವೂ ಬೆರೆತವನು. ಹುಡುಗರ ಬಳಿಯಿದ್ದುದು 2000ನೆಯ ಇಸವಿಯ ಮೂರನೆಯ ಆವೃತ್ತಿಯ ಹಳೆಯ ಪ್ರತಿ. ಅದರಂತೆ ಪಾತ್ರದ ಆರು ಗುಣಗಳಿಗೆ ಮೊದಲು ದಾಳ ಹಾಕಿ ಅಂಕಗಳನ್ನು ಪಡೆಯಬೇಕು. ಅರೆ-ಓರ್ಕನಾದರೆ ಬಲಕ್ಕೆ 2 ಅಂಕ ಕೂಡಿಸಿ, ಬುದ್ಧಿಯಲ್ಲಿ 2, ಆಕರ್ಷಣೆಯಲ್ಲಿ 2 ಕಳೆಯಬೇಕು. ನನ್ನ ಪಾತ್ರ ಇನ್ನೂ ಬಾಯಿ ತೆರೆದಿರಲಿಲ್ಲ. ಆಗಲೇ ದಡ್ಡನೂ ಒರಟನೂ ಆಗಿದ್ದ.

ನಮ್ಮ ತಂಡ ಒಂದು ಕೋಟೆಯ ಹೆಬ್ಬಾಗಿಲಿಗೆ ಬಂದಿತು. ಕಾವಲುಗಾರ ತಡೆದ. ಸೂತ್ರಧಾರ ನನ್ನತ್ತ ತಿರುಗಿ, “ನಿಮ್ಮ ಓರ್ಕ್ ಏನೆನ್ನುತ್ತಾನೆ?” ಎಂದು ಕೇಳಿದ. ನಾನು ಎದೆಯುಬ್ಬಿಸಿ ಅಬ್ಬರಿಸಿದೆ: “ಒಟ್ಟೆ ಅಸೀತದೆ! ಬಾಗ್ಲು ತಗೀ, ಇಲ್ದಿದ್ರೆ ವಡೀತೀನಿ!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಂತ್ರಿಕನ ಪಾತ್ರದ ಹುಡುಗನೊಬ್ಬ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದ: “ನಿಮ್ಮ ಓರ್ಕನದು ಯಾವ ಊರು, ಸಾರ್?”

ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಗದರಿಸಿ ಪಾರಾಗುತ್ತಿದ್ದೆ. ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಬಾಯಿ ಬಿಡದ ಹುಡುಗ ಅವನು. ಒಮ್ಮೆ ಪ್ರಬಂಧ ಓದುವಾಗ ಅವನ ಹಕಾರವನ್ನು ಎಲ್ಲರೆದುರಿಗೆ ಎರಡು ಬಾರಿ ತಿದ್ದಿದ್ದೆ. ಉಚ್ಚಾರಣೆಗೆಂದು ಅಂಕವನ್ನೂ ಕಳೆದಿದ್ದೆ. ಎಷ್ಟೆಂಬುದು ಈಗ ನೆನಪಿಲ್ಲ. ಅವನು ಬರೆದದ್ದರಲ್ಲಿ ಏನಿತ್ತೆಂಬುದೂ ನೆನಪಿಲ್ಲ.

ಆ ರಾತ್ರಿ ನಿದ್ರೆ ಬರಲಿಲ್ಲ. ಮರುದಿನದಿಂದ ಈ ಆಟದ ಚರಿತ್ರೆಯನ್ನು ಕೆದಕತೊಡಗಿದೆ. ಲಜ್ಜೆಯಾದಾಗ ಪುಸ್ತಕದ ಮರೆ ಸೇರುವುದು ಮೇಷ್ಟರ ಅಭ್ಯಾಸ. 1974ರ ಮೊದಲ ನಿಯಮಗಳು ಉದಾರವಾಗಿದ್ದವು: ಆಟಗಾರ ಡ್ರ್ಯಾಗನ್ ಬೇಕಾದರೂ ಆಗಬಹುದು, ಆದರೆ ಎಳೆಯದಾಗಿ ಆರಂಭಿಸಿ ಬೆಳೆಯಬೇಕು. 1979ರ ಹೊತ್ತಿಗೆ ಗೈಗ್ಯಾಕ್ಸರೇ ರಾಕ್ಷಸಪಾತ್ರಗಳನ್ನು ಪ್ರೋತ್ಸಾಹಿಸಬೇಡಿರೆಂದು ಬರೆದರು. ಆಟಗಾರರ ಆಸೆ ಅಡಗಲಿಲ್ಲ. 1993ರಲ್ಲಿ ಅಂತಹ ಪಾತ್ರಗಳಿಗೆಂದೇ ಒಂದು ಪುಸ್ತಕ ಹೊರಬಂದಿತು. 2016ರ ಗ್ರಂಥವೊಂದರಲ್ಲಿಯೂ ಓರ್ಕನ ಬುದ್ಧಿಗೆ 2 ಅಂಕದ ಕಡಿತವಿತ್ತು. ಬಹಳ ಮಂದಿ ಆಕ್ಷೇಪಿಸಿದ ಮೇಲೆ 2020ರಲ್ಲಿ ಪ್ರಕಾಶಕರು ಅದನ್ನು ಕೈಬಿಟ್ಟರು. 2024ರ ಆವೃತ್ತಿಯಲ್ಲಿ ಓರ್ಕ್ ಮಾನವನ ಜೊತೆಯಲ್ಲಿಯೇ ಮುಖ್ಯ ಗ್ರಂಥದಲ್ಲಿ ಕುಳಿತಿದ್ದಾನೆ.

ನಮ್ಮ ರಾಕ್ಷಸನೂ ಅಲ್ಲಿಗೆ ಹೋಗಿದ್ದಾನೆ. 1977ರ ಗ್ರಂಥದಲ್ಲಿ ಅವನಿಗೆ ಹುಲಿಯ ತಲೆ, ಕೈಯಲ್ಲಿ ಹೊಗೆಸೊಪ್ಪಿನ ಪೈಪು! ನಕ್ಕೆ, ಆದರೆ ನಗು ಅರ್ಧಕ್ಕೇ ನಿಂತಿತು. ನಾನು ವರ್ಷವರ್ಷವೂ ನಾಗಚಂದ್ರನ ರಾವಣನನ್ನು ಪಾಠ ಮಾಡುವವನು. ಜೈನ ರಾಮಾಯಣಗಳಲ್ಲಿ ರಾಕ್ಷಸರು ಕೋರೆಹಲ್ಲಿನ ಭೂತಗಳಲ್ಲ, ವಿದ್ಯಾಧರರ ಒಂದು ವಂಶ. ಹತ್ತು ತಲೆಗಳೂ ಹುಟ್ಟಿನ ವಿಕಾರವಲ್ಲ. ಕೊರಳ ಹಾರದ ರತ್ನಗಳಲ್ಲಿ ಮೂಡಿದ ಒಂದೇ ಮುಖದ ಪ್ರತಿಬಿಂಬಗಳು. ಅಮೆರಿಕದವರಿಗೆ 2020ರಲ್ಲಿ ಹೊಳೆದದ್ದು ನಮ್ಮವರಿಗೆ ನೂರಾರು ವರ್ಷಗಳ ಹಿಂದೆಯೇ ಹೊಳೆದಿತ್ತೆಂದು ಹೆಮ್ಮೆಪಡಲು ಹೊರಟೆ. ಅಷ್ಟರಲ್ಲಿ ಆ ಪ್ರಶ್ನೆ ಮತ್ತೆ ಕೇಳಿಸಿತು: ಯಾವ ಊರು, ಸಾರ್?

ನಿಜ ಹೇಳಿಬಿಡುತ್ತೇನೆ. ಆ ಊರು ನನ್ನದೇ. ಓರ್ಕನ ಬಾಯಿಗೆ ನಾನು ತುರುಕಿದ್ದು ನನ್ನ ಅಜ್ಜಿಯ ಮಾತು. ನಾಲೆಯ ಬದಿಯ ಹಳ್ಳಿಯಿಂದ ಬಂದು ಎಂ.ಎ. ಮುಗಿಸುವಷ್ಟರಲ್ಲಿ ಅದನ್ನು ನಾಲಿಗೆಯಿಂದ ಉಜ್ಜಿ ಉಜ್ಜಿ ತೆಗೆದಿದ್ದೆ. ಹೋಯಿತೆಂದುಕೊಂಡಿದ್ದ ಆ ಭಾಷೆ, ದಡ್ಡನಂತೆ ನಟಿಸಬೇಕಾದೊಡನೆ ಕರೆಯದೆಯೇ ಬಂದು ನಿಂತಿತು. ಪುಸ್ತಕ ಕಳೆದದ್ದು ಎರಡು ಗುಣಗಳಿಂದ ಎರಡೆರಡು ಅಂಕ. ನಾನು ಅಜ್ಜಿಯ ಲೆಕ್ಕದಲ್ಲಿ ಏನನ್ನೂ ಉಳಿಸಿರಲಿಲ್ಲ.

ಮುಂದಿನ ಭಾನುವಾರ ಹೊತ್ತಿಗೆ ಮುಂಚೆಯೇ ಹೋದೆ. ಈ ಸಲ ಬೇರೆ ಪಾತ್ರವನ್ನು ಆರಿಸಿಕೊಳ್ಳಬಹುದಿತ್ತು. ಓರ್ಕನೇ ಇರಲಿ ಎಂದೆ. ಕಥೆ ಹೆಬ್ಬಾಗಿಲಲ್ಲೇ ನಿಂತಿತ್ತು. ಅಜ್ಜಿ ಆ ಬಾಗಿಲಲ್ಲಿ ನಿಂತಿದ್ದರೆ ಏನೆನ್ನುತ್ತಿದ್ದಳೆಂದು ಯೋಚಿಸಿ, ದನಿಯೆತ್ತರಿಸದೆ ಹೇಳಿದೆ: “ಅಪ್ಪಾ, ದೂರದಿಂದ ಬಂದಿವ್ನಿ. ಒಳೀಕೆ ಬಿಡ್ದಿದ್ರೂ ಓಗ್ಲಿ, ಒಂದು ಚೊಂಬು ನೀರು ಕೊಡು. ನೀರು ಕೊಟ್ಟೋರ ಮನೇಗೆ ನಮ್ಮೋರು ಕೇಡು ಮಾಡಾಕಿಲ್ಲ.”

ಯಾರೂ ನಗಲಿಲ್ಲ. ದಾಳ ಉರುಳಿತು: ನಾಲ್ಕು. ಕಾವಲುಗಾರ ಕದಲಲಿಲ್ಲ.

ಆಗ ಮೂಲೆಯಿಂದ ಮಾಂತ್ರಿಕ ಮಾತನಾಡಿದ. ಒಂದು ವರ್ಷ ನನ್ನ ತರಗತಿಯಲ್ಲಿ ಕೇಳದಿದ್ದ ದನಿ, ತುಂಬು ಗಂಟಲಿನಲ್ಲಿ: “ಓಗ್ಲಿ ಬಾ ಅಣ್ಣೋ, ಈ ಕಟ್ಟೆ ಮ್ಯಾಲೆ ಕುಂತ್ಕಳಾವ. ನನ್ ತಾವ ಬುತ್ತಿ ಐತೆ.”

ಬೆಳಗಿನವರೆಗೂ ಆ ಬಾಗಿಲು ತೆರೆಯಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತು ನಾವಿಬ್ಬರೂ ಬಹಳ ಹೊತ್ತು ಮಾತನಾಡಿದೆವು.