ಐದು ಡಿಸ್ಕಿನ ತಿರುಗುತಟ್ಟೆ

ಈಚೆಗೆ ಮನೆಗೆ ಬಂದ ಡಿವಿಡಿ ಪ್ಲೇಯರಿನ ಡ್ರಾಯರ್ ತೆಗೆದು ಮುಚ್ಚುವುದೇ ನನಗೊಂದು ಖುಷಿಯಾಗಿಬಿಟ್ಟಿದೆ. ಗುಂಡಿ ಒತ್ತಿದರೆ ಒಂದು ಅಡಿಗೂ ಮಿಕ್ಕಿ ಅಗಲದ ತಟ್ಟೆ ಹೊರಗೆ ಬರುತ್ತದೆ. ಅದರಲ್ಲಿ ಐದು ಗುಳಿ, ಪ್ರತಿ ಗುಳಿಯ ಪಕ್ಕ ಒಂದು ಅಂಕಿ. ಡಿಸ್ಕ್ ಇಟ್ಟು ‘ಡಿಸ್ಕ್ ಸ್ಕಿಪ್’ ಒತ್ತಿದರೆ ತಟ್ಟೆ ಬೀಸುಕಲ್ಲಿನ ಹಾಗೆ ಗರ್ರೆಂದು ತಿರುಗಿ ಮುಂದಿನ ಗುಳಿಯನ್ನು ಕೈಗೆ ತಂದುಕೊಡುತ್ತದೆ. ಮುಚ್ಚಿದ ಮೇಲೆ ಒಳಗೆ ಏನಾಗುತ್ತದೆಂದು ತಿಳಿಯಬೇಕಾದರೆ ಮೇಲಿನ ಮುಚ್ಚಳ ಬಿಚ್ಚಬೇಕು. ಬಿಚ್ಚಿ, ಪಕ್ಕದಿಂದ ನೋಡಿದ್ದೇನೆ. ಆಯ್ಕೆಯಾದ ಡಿಸ್ಕ್ ತನ್ನ ಜಾಗಕ್ಕೆ ಬಂದು ನಿಂತ ಕೂಡಲೇ ಕೆಳಗಿನಿಂದ ಲೇಸರಿನ ಜೋಡಣೆ ಮೆಲ್ಲಗೆ ಮೇಲೇಳುತ್ತದೆ, ಮೇಲಿರುವ ಅಯಸ್ಕಾಂತದ ಬಿಲ್ಲೆ ‘ಟಕ್’ ಎಂದು ಅದನ್ನು ಹಿಡಿದುಕೊಳ್ಳುತ್ತದೆ, ಡಿಸ್ಕ್ ತಟ್ಟೆಯಿಂದ ಕೂದಲೆಳೆಯಷ್ಟು ಎದ್ದು ಗಾಳಿಯಲ್ಲಿ ಸುತ್ತತೊಡಗುತ್ತದೆ. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಹೋಗಲು ಹತ್ತು ಹದಿನೈದು ಸೆಕೆಂಡು ಬೇಕು. ಅಷ್ಟು ಹೊತ್ತು ಕಾಯುವುದರಲ್ಲಿ ನನಗೆ ಯಾವ ಬೇಸರವೂ ಇಲ್ಲ.

ಬಹು ಡಿಸ್ಕಿನ ಪ್ಲೇಯರುಗಳಲ್ಲಿ ಬಗೆಗಳು ಹಲವು. ಸೋನಿಯವರು 400 ಡಿಸ್ಕ್ ಹಿಡಿಯುವ ಯಂತ್ರವನ್ನೇ ಮಾಡಿದ್ದರು, ಪಯೊನಿಯರ್ 301 ಡಿಸ್ಕಿನದನ್ನು. ಅವು ಗ್ರಂಥಾಲಯಗಳು, ಯಾವ ಗೂಡಿನಲ್ಲಿ ಯಾವ ಸಿನಿಮಾ ಇಟ್ಟೆವೆಂದು ಪಟ್ಟಿ ಬರೆದಿಡದವರಿಗೆ ಉಪಯೋಗವಿಲ್ಲ. ಮಿನಿ ಹೈಫೈ ಸೆಟ್ಟುಗಳಲ್ಲಿ ಬರುತ್ತಿದ್ದ, ಡಿಸ್ಕುಗಳನ್ನು ಒಂದರ ಮೇಲೊಂದು ಪೇರಿಸಿ ನುಂಗುವ ಬಗೆ ಇನ್ನೊಂದು. ಅದು ಜಾಗ ಉಳಿಸುತ್ತದೆ, ಆದರೆ ಒಳಗೆ ಹಲ್ಲುಚಕ್ರಗಳ ಸಂತೆ. ಒಂದು ಹಲ್ಲು ಜಾರಿದರೂ ಐದೂ ಡಿಸ್ಕ್ ಒಳಗೇ ಸೆರೆ. ಕಡಿಮೆ ಖರ್ಚಿನಲ್ಲಿ ಹೋಮ್ ಥಿಯೇಟರ್ ಮಾಡಿಕೊಳ್ಳುವವರಿಗೆ ನಾನು ಹೇಳುವುದು ಒಂದೇ: ತಿರುಗುತಟ್ಟೆಯದನ್ನೇ ತಗೊಳ್ಳಿ. ಡಿಸ್ಕ್ ತನ್ನ ಭಾರಕ್ಕೆ ತಾನೇ ಮಲಗಿರುತ್ತದೆ. ಕೆಟ್ಟರೆ ಮೊದಲು ಕೆಡುವುದು ರಬ್ಬರ್ ಬೆಲ್ಟು, ಅದನ್ನು ಬದಲಿಸಲು ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು. ಡ್ರಾಯರ್ ಅರ್ಧ ಬಂದು ನಿಂತಿತೆಂದು ಮೋಟಾರನ್ನು ಬೈಯುವವರೇ ಹೆಚ್ಚು. ಸಡಿಲಾದ ಬೆಲ್ಟನ್ನು ಬಿಸಿನೀರಿನಲ್ಲಿ ಒಂದಷ್ಟು ಹೊತ್ತು ನೆನೆಸಿ ಹಾಕಿದರೂ ಹೊಸದು ಸಿಗುವ ತನಕ ಕೆಲಸ ಸಾಗುತ್ತದೆ.

ಇಂಥ ಯಂತ್ರ ಈಗ ಅಂಗಡಿಯಲ್ಲಿ ಹೊಸದಾಗಿ ಸಿಗುವುದಿಲ್ಲ. ಹುಡುಕುವುದಾದರೆ ಬೆಂಗಳೂರಿನಲ್ಲಿ ಎಸ್‌ಪಿ ರಸ್ತೆ, ಇಲ್ಲವೇ ಭಾನುವಾರದ ಹಳೆ ಸಾಮಾನಿನ ಸಂತೆ. ಅಂಗಡಿಯ ಹುಡುಗ ಕೇಳಿಯೇ ಕೇಳುತ್ತಾನೆ: “ಸಾರ್, ಇದ್ಯಾಕೆ? ಈಗ ಎಲ್ಲಾ ಪೆನ್‌ಡ್ರೈವಲ್ಲೇ ಬರುತ್ತೆ.” ಅವನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಜಗಳ ಇರುವುದು ನನ್ನ ಹಾಗೆಯೇ ಹೋಮ್ ಥಿಯೇಟರಿನ ಹುಚ್ಚು ಹಿಡಿಸಿಕೊಂಡವರ ಜೊತೆ. ಅವರು ಕೇಳುವ ಪ್ರಶ್ನೆ ಬೇರೆ: “ಐದು ಸಿನಿಮಾ ಒಂದೇ ಡಿಸ್ಕಿನಲ್ಲಿ ಸಿಗುವಾಗ ಐದು ಡಿಸ್ಕಿನ ಪೆಟ್ಟಿಗೆ ಯಾಕ್ರೀ?”

ಈ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರ ಕೊಡಬೇಕು. ಒಂದು ಪದರದ ಡಿವಿಡಿಯಲ್ಲಿ ಹಿಡಿಯುವುದು 4.7 ಗಿಗಾಬೈಟ್. ಎರಡೂವರೆ ಗಂಟೆಯ ಮೂರು ಸಿನಿಮಾಗಳನ್ನು ಅದರಲ್ಲಿ ತುರುಕಿದರೆ ಒಂದು ಸೆಕೆಂಡಿಗೆ ಸಿಗುವ ಪಾಲು ಸುಮಾರು 1.4 ಮೆಗಾಬಿಟ್, ಮಾತು ಸಂಗೀತ ಎಲ್ಲ ಸೇರಿ. ನಾವೆಲ್ಲ ಬೈದು ಮೂಲೆಗೆ ತಳ್ಳಿದ ವಿಸಿಡಿಗೂ ಸಿಗುತ್ತಿದ್ದದ್ದು ಹೆಚ್ಚುಕಡಿಮೆ ಇಷ್ಟೇ. ಅದರಲ್ಲೂ ವಿಸಿಡಿಯ ಚಿತ್ರ 352ಕ್ಕೆ 288 ಚುಕ್ಕೆಯ ಚಿಕ್ಕ ಚಿತ್ರ. ಅದೇ ಪಾಲನ್ನು ಡಿವಿಡಿಯ 720ಕ್ಕೆ 576 ಚುಕ್ಕೆಗಳಿಗೆ ಹಂಚಿದರೆ ಒಂದೊಂದು ಚುಕ್ಕೆಗೆ ಏನು ದಕ್ಕೀತು? ಎರಡು ಪದರದ 8.5 ಗಿಗಾಬೈಟಿನ ಡಿಸ್ಕಿನಲ್ಲಿ ಐದು ಸಿನಿಮಾ ಹಾಕಿದರೂ ಪಾಲು ಸುಮಾರು 1.5 ಅಷ್ಟೇ. ಅದೇ 8.5ರ ಡಿಸ್ಕನ್ನು ಒಂದೇ ಸಿನಿಮಾಕ್ಕೆ ಕೊಟ್ಟರೆ ಸೆಕೆಂಡಿಗೆ ಏಳೂವರೆ ಮೆಗಾಬಿಟ್!

ಈ ವ್ಯತ್ಯಾಸವನ್ನು ಕಣ್ಣಿನಿಂದಲೇ ಕಾಣಬಹುದು. ಐದು ಸಿನಿಮಾ ತುರುಕಿದ ಡಿಸ್ಕಿನಲ್ಲಿ ಮಳೆಯಲ್ಲಿ ನೆನೆಯುವ ಹಾಡೊಂದನ್ನು ಹಾಕಿ ನೋಡಿ. ನಾಯಕ ನಾಯಕಿ ನಿಂತಲ್ಲೇ ನಿಂತಿರುವಾಗ ಎಲ್ಲ ಸರಿಯಿರುತ್ತದೆ. ಅವರು ಓಡಲು ಶುರುಮಾಡಿದ ತಕ್ಷಣ ಹಿಂದಿನ ಮರಗಿಡ ಚೌಕ ಚೌಕವಾಗಿ ಒಡೆಯುತ್ತದೆ, ಮಳೆಯ ಹನಿ ಮಸುಕಾಗಿ ಪರದೆಯ ಮೇಲೆ ಕೊಳೆಯಂತೆ ಕೂರುತ್ತದೆ. ಜರಿಯಂಚಿನ ಸೀರೆ ತಿರುಗಿದರೆ ಅಂಚು ಕಾಣೆ. ಇದನ್ನು ನೋಡಿ ಜನ ಪ್ಲೇಯರಿನ ಮೇಲೆ ಅಪವಾದ ಹೊರಿಸುತ್ತಾರೆ. “ಹಳೇ ಮಾಡಲ್, ಪಿಕ್ಚರ್ ಕ್ವಾಲಿಟಿ ಇಲ್ಲ” ಎನ್ನುತ್ತಾರೆ, ‘1080ಕ್ಕೆ ಏರಿಸುತ್ತದೆ’ ಎಂಬ ಚೀಟಿ ಅಂಟಿಸಿದ ಇನ್ನೊಂದನ್ನು ತರುತ್ತಾರೆ. ಡಿಸ್ಕಿನಲ್ಲೇ ಇಲ್ಲದ್ದನ್ನು ಯಾವ ಪ್ಲೇಯರ್ ಎಲ್ಲಿಂದ ಏರಿಸುತ್ತದೆ? ಏರಿಸುವ ಕೆಲಸವನ್ನು ಇವತ್ತಿನ ಟಿವಿ ತಾನೇ ಮಾಡುತ್ತದೆ, ಬಹಳ ಸಲ ಪ್ಲೇಯರಿಗಿಂತ ಚೆನ್ನಾಗಿಯೇ ಮಾಡುತ್ತದೆ. ಆ ಚೀಟಿಗೆ ಕೊಟ್ಟ ಪ್ರತಿ ರೂಪಾಯಿಯೂ ದಂಡ.

2007ರ ಆಸುಪಾಸಿನಲ್ಲಿ ಮೋಸರ್ ಬೇರ್ ಕಂಪನಿ ಡಿವಿಡಿಯನ್ನು 34 ರೂಪಾಯಿಗೂ ವಿಸಿಡಿಯನ್ನು 28 ರೂಪಾಯಿಗೂ ಮಾರುಕಟ್ಟೆಗೆ ಬಿಟ್ಟಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕಳ್ಳ ಡಿಸ್ಕ್ ಕೊಳ್ಳುವವನಿಗೆ ಇನ್ನು ನೆಪವೇ ಉಳಿಯಲಿಲ್ಲ ಎಂದುಕೊಂಡಿದ್ದೆ. ಆದರೂ ಫುಟ್‌ಪಾತಿನಲ್ಲಿ ‘ಫೈವ್ ಇನ್ ಒನ್’ ಮಾರಾಟವಾಗುತ್ತಲೇ ಇತ್ತು, ಕೊಳ್ಳುತ್ತಿದ್ದವರು ಐವತ್ತು ಸಾವಿರದ ಟಿವಿ ಇಟ್ಟುಕೊಂಡವರು. ಸ್ಪೀಕರಿಗೆ ಲಕ್ಷ ಸುರಿದು ಸಿನಿಮಾಕ್ಕೆ ಹತ್ತು ರೂಪಾಯಿ ಲೆಕ್ಕ ಹಾಕುವ ಈ ಬುದ್ಧಿಯನ್ನು ನಾನು ಕ್ಷಮಿಸಲಾರೆ. ಛಾಯಾಗ್ರಾಹಕ ಬೆಳಗಿನ ಬೆಳಕಿಗಾಗಿ ಕಾದು ತೆಗೆದ ದೃಶ್ಯವನ್ನು ಚೌಕ ಚೌಕವಾಗಿ ನೋಡಿ ‘ನೋಡಿದೆ’ ಎಂದು ಹೇಳಿಕೊಳ್ಳುವುದು ಸುಳ್ಳು.

ಇನ್ನು ಧ್ವನಿಯ ಮಾತು. ಡಿವಿಡಿ, ಆಂಪ್ಲಿಫಯರ್, ಸ್ಪೀಕರು ಎಲ್ಲ ಒಂದೇ ಡಬ್ಬದಲ್ಲಿ ಬರುವ ಸೆಟ್ಟುಗಳ ಮೇಲೆ ‘5000 ವ್ಯಾಟ್ ಪಿಎಂಪಿಒ’ ಎಂದು ಬರೆದಿರುತ್ತಿತ್ತಲ್ಲ, ಅದರಷ್ಟು ಪೊಳ್ಳು ಅಂಕಿ ಇನ್ನೊಂದಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಅಬ್ಬರಕ್ಕೆ ತಮಗೆ ತೋಚಿದ ಅಂಕಿ ಕೊಟ್ಟು ಮಾರುತ್ತಿದ್ದರು. ಪೆಟ್ಟಿಗೆಯನ್ನು ತಿರುಗಿಸಿ ಹಿಂಬದಿಯ ಪಟ್ಟಿ ಓದಿ: ಕರೆಂಟಿನಿಂದ ಎಷ್ಟು ವ್ಯಾಟ್ ಎಳೆಯುತ್ತದೆಂದು ಅಲ್ಲೇ ಇರುತ್ತದೆ. ನೂರು ವ್ಯಾಟ್ ಎಳೆಯುವ ಪೆಟ್ಟಿಗೆ ಒಂದೇ ಸಮನೆ ನೂರಕ್ಕಿಂತ ಹೆಚ್ಚು ಹೊರಗೆ ಕೊಡಲಾರದು. ಇದನ್ನು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಇಂಥ ಸೆಟ್ಟಿನ ನಿಜವಾದ ತೊಂದರೆ ಬೇರೆಯೇ ಇದೆ. ಬಹಳಷ್ಟರಲ್ಲಿ ಸ್ಪೀಕರಿನ ಪಿನ್ನು ಆಯಾ ಕಂಪನಿಯದೇ ಅಳತೆ. ಡಿಸ್ಕ್ ಓದುವ ಲೇಸರ್ ಸೋತ ದಿನ ಆರು ಸ್ಪೀಕರೂ ಗುಜರಿಗೆ. ಅದಕ್ಕೇ ಪ್ಲೇಯರ್ ಬೇರೆ, ರಿಸೀವರ್ ಬೇರೆ ಇರಬೇಕೆಂದು ನಾನು ಹಟ ಹಿಡಿಯುವುದು.

ಬೇರೆ ಬೇರೆ ಇದ್ದರೆ ಕಡಿಮೆ ದುಡ್ಡಿನವನಿಗೆ ದೊಡ್ಡ ಲಾಭವೊಂದಿದೆ. ಪ್ಲೇಯರಿನಿಂದ ರಿಸೀವರಿಗೆ ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ತಂತಿ ಎಳೆದರೆ ಡಾಲ್ಬಿಯಾಗಲಿ ಡಿಟಿಎಸ್ ಆಗಲಿ ಬಿಡಿಸುವ ಕೆಲಸ ರಿಸೀವರಿನದು. ಪ್ಲೇಯರ್ ಬರೀ ಅಂಚೆಯವನು. ಅಂಕಿಗಳನ್ನು ಓದಿ ತಪ್ಪದೆ ಮುಟ್ಟಿಸಿದರೆ ಅವನ ಕೆಲಸ ಮುಗಿಯಿತು. ಹಾಗಾಗಿ ಧ್ವನಿಯ ಹೆಸರಿನಲ್ಲಿ ದುಬಾರಿ ಪ್ಲೇಯರ್ ಕೊಳ್ಳುವ ಅಗತ್ಯವೇ ಇಲ್ಲ. ಒಂದು ಷರತ್ತು: ಸೆಟಪ್ಪಿಗೆ ಹೋಗಿ ಡಿಜಿಟಲ್ ಔಟ್ ಎಂಬಲ್ಲಿ ‘ಪಿಸಿಎಂ’ ತೆಗೆದು ‘ಬಿಟ್‌ಸ್ಟ್ರೀಮ್’ ಇಡಬೇಕು. ಇಡದಿದ್ದರೆ ಐದು ದಿಕ್ಕಿನ ಸದ್ದು ಎರಡಕ್ಕೆ ಇಳಿದು ಹೋಗುತ್ತದೆ. ಸ್ನೇಹಿತರೊಬ್ಬರ ಮನೆಯಲ್ಲಿ ಹಿಂದಿನ ಎರಡು ಸ್ಪೀಕರುಗಳು ಗೋಡೆಗೆ ಮೊಳೆ ಹೊಡೆಸಿಕೊಂಡು ವರ್ಷಗಟ್ಟಲೆ ಸುಮ್ಮನೆ ಕೂತಿದ್ದವು. ಮನೆಗೆ ಬಂದವರಿಗೆಲ್ಲ ಅವನ್ನು ತೋರಿಸುತ್ತಿದ್ದರು. ಈ ಒಂದು ಆಯ್ಕೆ ಬದಲಿಸಿದಾಗ ಅವರ ಮನೆಯವರು ಬೆನ್ನ ಹಿಂದೆ ಬಾಗಿಲು ಬಡಿದ ಸದ್ದಿಗೆ ತಿರುಗಿ ನೋಡಿದರು.

ಅಮೆರಿಕದಿಂದ ನೆಂಟರು ತಂದುಕೊಟ್ಟ ಐದು ಡಿಸ್ಕಿನ ಪ್ಲೇಯರುಗಳು ಎಷ್ಟೋ ಮನೆಗಳ ಅಟ್ಟದಲ್ಲಿವೆ. ಒಳ್ಳೆಯ ಯಂತ್ರಗಳೇ. ಆದರೆ ಹಿಂದುಗಡೆ 120 ವೋಲ್ಟ್ ಎಂದಿದ್ದರೆ ನಮ್ಮ 230ಕ್ಕೆ ನೇರ ಚುಚ್ಚಬೇಡಿ, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಇನ್ನು ಡಿವಿಡಿಯ ವಲಯ (ರೀಜನ್): ಆ ಪ್ಲೇಯರ್ ಒಂದನೇ ವಲಯದ ಯಂತ್ರ, ನಮ್ಮದು ಐದನೇ ವಲಯ. ನಮ್ಮ ಭಾಷೆಯ ಡಿವಿಡಿಗಳಲ್ಲಿ ಬಹಳಷ್ಟು ಎಲ್ಲ ವಲಯಕ್ಕೂ ಹೊಂದುವಂಥವು, ಹಾಗಾಗಿ ವಲಯಕ್ಕೆ ಹೆದರಬೇಕಿಲ್ಲ.

ಇಷ್ಟೆಲ್ಲ ಹೇಳಿ ನನ್ನ ಅಚ್ಚುಮೆಚ್ಚಿನ ಉಪಾಯವನ್ನು ಹೇಳದಿದ್ದರೆ ಹೇಗೆ? ಐದು ಡಿಸ್ಕ್ ಹಾಕಿ ‘ಆಲ್ ಡಿಸ್ಕ್ಸ್’ ಒತ್ತಿ ಕುಳಿತರೆ ಎಲ್ಲವೂ ಸರಾಗ ಸಾಗಬೇಕು. ಸಾಗುವುದಿಲ್ಲ. ಸಿನಿಮಾ ಮುಗಿದ ಮೇಲೆ ಡಿವಿಡಿ ಮತ್ತೆ ತನ್ನ ಮೆನುಗೆ ಹೋಗಿ ಕೂರುತ್ತದೆ, ಅದೇ ಎಂಟು ಸೆಕೆಂಡಿನ ಹಾಡಿನ ತುಣುಕು ಸುತ್ತುತ್ತಲೇ ಇರುತ್ತದೆ, ತಟ್ಟೆ ಮಾತ್ರ ತಿರುಗುವುದಿಲ್ಲ. ಡಿಸ್ಕ್ ಮುಗಿಯಿತೆಂದು ಯಂತ್ರಕ್ಕೆ ತಿಳಿಯುವುದೇ ಇಲ್ಲ. ಮೆನು ಕಟ್ಟಿದವರಿಗೆ ಬಹು ಡಿಸ್ಕಿನ ಪ್ಲೇಯರೊಂದು ಇದೆಯೆಂಬ ನೆನಪೇ ಇರಲಿಲ್ಲ. ಇನ್ನು ದಾಟಲು ಬಿಡದ ಎಚ್ಚರಿಕೆಯ ಬರಹ: ದುಡ್ಡು ಕೊಟ್ಟು ಅಸಲಿ ಡಿಸ್ಕ್ ತಂದವನನ್ನೇ ಕೂರಿಸಿಕೊಂಡು ‘ಕಳ್ಳತನ ಮಾಡಬೇಡ’ ಎಂದು ಪ್ರತಿ ಸಲವೂ ಪಾಠ. ಕದ್ದವನ ಡಿಸ್ಕಿನಲ್ಲಿ ಆ ಬರಹವೇ ಇರುವುದಿಲ್ಲ. ಇದು ಅನ್ಯಾಯ.

ಮೆನುವಿನ ಕಾಟಕ್ಕೆ ವಿಸಿಡಿಯಲ್ಲಿ ಮದ್ದಿದೆ. ರಿಮೋಟಿನಲ್ಲಿ, ಇಲ್ಲವೇ ಸೆಟಪ್ಪಿನಲ್ಲಿ ‘ಪಿಬಿಸಿ’ ಎಂಬುದನ್ನು ಆಫ್ ಮಾಡಿ. ಆಗ ಯಂತ್ರ ಮೆನುವಿನ ಗೊಡವೆಗೆ ಹೋಗದೆ ಟ್ರ್ಯಾಕ್‌ಗಳನ್ನು ಸಾಲಾಗಿ ಓಡಿಸುತ್ತದೆ, ಕೊನೆಯ ಟ್ರ್ಯಾಕ್ ಮುಗಿದ ಕೂಡಲೇ ತಟ್ಟೆ ತಿರುಗುತ್ತದೆ. ಕನ್ನಡ ಸಿನಿಮಾ ಎರಡೋ ಮೂರೋ ವಿಸಿಡಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಬಹು ಡಿಸ್ಕಿನ ಪ್ಲೇಯರ್ ಇದ್ದವನೊಬ್ಬನೇ ಸಿನಿಮಾವನ್ನು ಕುಳಿತಲ್ಲಿಂದ ಏಳದೆ ನೋಡುತ್ತಿದ್ದದ್ದು. ಆಮೇಲೆ ನೋಡಬೇಕಾದದ್ದು ಬಿಟ್ಟಲ್ಲಿಂದ ಹಿಡಿಯುವ ಗುಣ. ಕೆಲವು ಯಂತ್ರಗಳು ಪ್ರತಿ ಡಿಸ್ಕನ್ನೂ ಎಲ್ಲಿ ನಿಲ್ಲಿಸಿದ್ದೆವೆಂದು ನೆನಪಿಟ್ಟುಕೊಳ್ಳುತ್ತವೆ, ಡಿಸ್ಕ್ ಹೊರತೆಗೆದು ಮತ್ತೆ ಹಾಕಿದರೂ. ಒಂದು ಡಿಸ್ಕ್ ಓಡುತ್ತಿರುವಾಗಲೇ ಡ್ರಾಯರ್ ತೆರೆದು ಉಳಿದವನ್ನು ಬದಲಿಸಲು ಬಿಡುವಂಥವೂ ಇವೆ. ಇವೆರಡು ಇದ್ದರೆ ಮೈಮೇಲೆ ಗೀರು ಬಿದ್ದಿದ್ದರೂ ಆ ಪ್ಲೇಯರನ್ನೇ ಆರಿಸಿ.

ಕೊಳ್ಳುವಾಗ ಪರೀಕ್ಷೆಗೆ ಎರಡು ಪದರದ ಡಿಸ್ಕೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಮೊದಲ ಪದರ ಮುಗಿದು ಎರಡನೆಯದಕ್ಕೆ ಜಿಗಿಯುವ ಜಾಗ ಸಾಮಾನ್ಯವಾಗಿ ಸಿನಿಮಾದ ನಡುಮಧ್ಯೆ ಬರುತ್ತದೆ. ಅಲ್ಲಿ ಅರೆಕ್ಷಣ ತಡೆದು ಮುಂದೆ ಹೋದರೆ ಲೇಸರ್ ಗಟ್ಟಿ. ತಡವರಿಸಿದರೆ, ಚಿತ್ರ ನಿಂತರೆ, ಅಂಗಡಿಯವನು ಎಷ್ಟೇ ಕಡಿಮೆ ಹೇಳಿದರೂ ಎದ್ದು ಬನ್ನಿ. ಇದನ್ನು ಐದೂ ಗುಳಿಯಲ್ಲಿ ಮಾಡಿ ನೋಡಿ. ಅಂಗಡಿಯವನು ಮುಖ ಸಿಂಡರಿಸಿಕೊಳ್ಳಲಿ.

ಇಷ್ಟು ಕಷ್ಟಪಟ್ಟು ಹುಡುಕುವುದು ದೊಡ್ಡ ಕೃತಿಯನ್ನು ದೊಡ್ಡದಾಗಿಯೇ ನೋಡುವುದಕ್ಕೆ. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಸಂಪುಟವನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟರೆ ಶನಿವಾರ ಮಧ್ಯಾಹ್ನ ಹೋದದ್ದೇ ತಿಳಿಯುವುದಿಲ್ಲ. ತಾಳಮದ್ದಳೆಯ ಸಿಡಿಗಳೂ ಹಾಗೆಯೇ. ಒಂದು ಸಿಡಿಯಲ್ಲಿ ಹಿಡಿಯುವುದು ಹೆಚ್ಚೆಂದರೆ 80 ನಿಮಿಷ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಏರುವ ಹೊತ್ತಿಗೆ ಅದು ಮುಗಿದಿರುತ್ತದೆ. ಎದ್ದು ಹೋಗಿ ಡಿಸ್ಕ್ ಬದಲಿಸಿ ಬಂದರೆ ವಾದದ ಎಳೆ ತಪ್ಪುತ್ತದೆ. ತಟ್ಟೆ ತಾನೇ ತಿರುಗಿದರೆ ಎದುರಾಳಿಯ ಉತ್ತರಕ್ಕೆ ಕಿವಿ ಹಾಗೇ ತೆರೆದಿರುತ್ತದೆ.

ಆದ್ದರಿಂದ ಕರಾವಳಿಯ ವಿಡಿಯೋದವರಲ್ಲಿ ಒಂದು ಕೋರಿಕೆ. ಯಕ್ಷಗಾನದ ಹರಕೆಯಾಟದ ಇಡೀ ರಾತ್ರಿಯನ್ನು ತೆಗೆದು ಮನೆಯವರಿಗೆ ಕೊಡುವಾಗ ಎಂಟು ಗಂಟೆಯ ‘ದೇವಿಮಹಾತ್ಮೆ’ಯನ್ನು ಒಂದೇ ಡಿವಿಡಿಯಲ್ಲಿ ತುರುಕಬೇಡಿ. ಹಾಗೆ ಮಾಡಿದರೆ ಸೆಕೆಂಡಿಗೆ 1.3 ಮೆಗಾಬಿಟ್ ಮಾತ್ರ. ಮಹಿಷಾಸುರ ದೊಂದಿ ಹಿಡಿದು ಸಭೆಯ ನಡುವಿನಿಂದ ಬರುವಾಗ ಬೆಂಕಿಯೂ ಹೊಗೆಯೂ ವೇಷವೂ ಒಂದೇ ಕಲೆಸುಮೇಲೋಗರ. ಐದು ಡಿಸ್ಕಿಗೆ ಹಂಚಿ, ಆರೂವರೆ ಸಿಗುತ್ತದೆ. ಮೆನು ಮಾಡಬೇಡಿ. ಪ್ರತಿ ಡಿಸ್ಕಿನ ಮೇಲೆ ಒಂದರಿಂದ ಐದರವರೆಗೆ ಅಂಕಿ ಬರೆದುಕೊಡಿ.